ಡೇಟಾಬೇಸ್ ತಂತ್ರಾಂಶಗಳಲ್ಲಿ ಎಚ್‌ಟಿಎಂಎಲ್ ಪುಟಗಳು : ಒಂದು ಚಾರಿತ್ರಿಕ ವಿವೇಚನೆ

ಹಸ್ತಪ್ರತಿಗಳ ಸೂಚಿಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವ ಪದ್ಧತಿ ರೂಢಿಗೆ ಬಂದ ಮೇಲೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಪರಿಶೀಲಿಸುವುದು ಅವಶ್ಯಕವಾಗಿದೆ. ವಿವರಗಳು ಎಲ್ಲಿ ಸಂಗ್ರಹವಾಗಿವೆ ಎಂಬುದು ಮೊದಲನೆಯದು; ಅವು ತೆರೆಯ ಮೇಲೆ ಯಾವುದರ ಮೂಲಕ ಗೋಚರಿಸುತ್ತವೆ ಎಂಬುದು ಎರಡನೆಯದು. ಅಂತರ್ಜಾಲದ ಪುಟಗಳಿಗಾಗಿ ಹುಟ್ಟಿದ ಎಚ್‌ಟಿಎಂಎಲ್ ಈ ಎರಡನೆಯ ಕಾರ್ಯಕ್ಕೆ ಒದಗಿಬಂದ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

1992ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಪ್ರಕಟವಾಯಿತು. ಫಾಕ್ಸ್‌ಪ್ರೋ ಅದೇ ವರ್ಷ ಆ ಸಂಸ್ಥೆಯ ವಶಕ್ಕೆ ಬಂದಿತು. ಇವುಗಳ ನಮೂನೆಗಳಲ್ಲಿ ಪ್ರತಿಯೊಂದು ವಿವರಕ್ಕೂ ಉದ್ದಗಲ ನಿಶ್ಚಿತವಾದ ಒಂದೊಂದು ಚೌಕ. ಒಂದು ಪ್ರತಿಯ ಅಂತ್ಯಪ್ರಶಸ್ತಿ ಎರಡೇ ಸಾಲಿನದಾಗಿರಬಹುದು, ಮತ್ತೊಂದರದು ಇಡೀ ಗರಿಯನ್ನು ವ್ಯಾಪಿಸಿರಬಹುದು. ಚೌಕಕ್ಕೆ ಈ ಭೇದ ತಿಳಿಯದು. ವಿಷಯ ಬೆಳೆದಂತೆ ತಾನೂ ಬೆಳೆಯುವುದು ಎಚ್‌ಟಿಎಂಎಲ್ ಪುಟದ ಸ್ವಭಾವ. 1996ರ ಆಗಸ್ಟಿನಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ 3ನೆಯ ಆವೃತ್ತಿಯು ಬ್ರೌಸರನ್ನು ಅನ್ಯ ತಂತ್ರಾಂಶಗಳ ಒಳಗೆ ಕೂರಿಸಬಹುದಾದ ಒಂದು ಅಂಗವನ್ನಾಗಿ ಮಾಡಿತು. 1997ರ 4ನೆಯ ಆವೃತ್ತಿಯಲ್ಲಿ ಪುಟದ ಯಾವುದೇ ಭಾಗವನ್ನು ತೆರೆಯ ಮೇಲಿರುವಾಗಲೇ ಬದಲಿಸುವ ಸೌಕರ್ಯ ಒದಗಿತು.

ಭಾರತೀಯ ಲಿಪಿಗಳ ದೃಷ್ಟಿಯಿಂದ ಇದರ ಮಹತ್ತ್ವ ಇನ್ನೂ ಹೆಚ್ಚಿನದು. 1991ರ ಯೂನಿಕೋಡಿನ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಅಕ್ಷರಶೈಲಿಯೂ ಬಂದಿತು. ಆದರೆ ವಿಷುಯಲ್ ಫಾಕ್ಸ್‌ಪ್ರೋದ ಸ್ವಂತ ಚೌಕಗಳು 2004ರಲ್ಲಿ ಬಂದ ಅದರ ಕಡೆಯ ಆವೃತ್ತಿಯವರೆಗೂ ಯೂನಿಕೋಡನ್ನು ಅರಿಯಲಿಲ್ಲ. ಪ್ರಾಕೃತ ಗಾಥೆಯನ್ನು ನಾಗರಿಯಲ್ಲಿಯೂ ಅದರ ಟೀಕೆಯನ್ನು ಕನ್ನಡದಲ್ಲಿಯೂ ಒಂದೇ ತೆರೆಯ ಮೇಲೆ ತೋರಿಸಬೇಕಾದಲ್ಲಿ, ಒಳಗೆ ಬ್ರೌಸರನ್ನು ಕೂರಿಸಿ ಅದರಿಂದ ಓದಿಸುವುದು ಸಮರ್ಥವಾದ ಉಪಾಯವಾಗಿತ್ತು.

ಆಕ್ಸೆಸ್ 2000 ಇನ್ನೊಂದು ಹೆಜ್ಜೆ ಮುಂದಿಟ್ಟು ‘ಡೇಟಾ ಆಕ್ಸೆಸ್ ಪೇಜ್’ ಎಂಬ ಎಚ್‌ಟಿಎಂಎಲ್ ನಮೂನೆಗಳನ್ನು ತಂದಿತು. ಪುಟವು ಡೇಟಾಬೇಸಿನ ಒಳಗಿರದೆ ಪ್ರತ್ಯೇಕ ಕಡತವಾಗಿರುತ್ತಿತ್ತು. ಒಳಗಿದ್ದುದು ಅದರ ವಿಳಾಸ ಮಾತ್ರ. ಕಡತಗಳ ಸ್ಥಾನ ಬದಲಾದೊಡನೆ ಸಂಬಂಧ ಕಡಿಯುತ್ತಿತ್ತು. ಮೂಲದ ಕಟ್ಟು ಒಂದು ಭಂಡಾರದಲ್ಲಿ, ಟೀಕೆಯ ಕಟ್ಟು ಇನ್ನೊಂದರಲ್ಲಿ ಉಳಿದಂತೆ. 2007ರ ಆವೃತ್ತಿಯಲ್ಲಿ ಹೊಸ ಪುಟಗಳ ರಚನೆ ನಿಂತಿತು. 2010ರದರಲ್ಲಿ ಈ ಪದ್ಧತಿಯನ್ನೇ ಕೈಬಿಡಲಾಯಿತು. ದತ್ತಾಂಶಕ್ಕೆ ಹಾನಿಯಾಗಲಿಲ್ಲವೆಂಬುದು ನಿಜ. ಆದರೂ ಪುಟಗಳನ್ನೇ ನಂಬಿ ಸೂಚಿಯನ್ನು ರೂಪಿಸಿದವರ ಶ್ರಮ ವ್ಯರ್ಥವಾಯಿತೆನ್ನದೆ ವಿಧಿಯಿಲ್ಲ.

ಪಾಠಸಂಪಾದಕರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಅಂಶವೊಂದಿದೆ. ಪ್ರತಿಯಲ್ಲಿ ಲುಪ್ತವಾದ ಅಕ್ಷರಗಳನ್ನು ಊಹಿಸಿ ತುಂಬಿದಾಗ ಅವುಗಳನ್ನು < > ಎಂಬ ಕೋನಾವರಣಗಳಲ್ಲಿಡುವ ಸಂಪ್ರದಾಯ ಹಲವು ಸಂಪಾದಕರಲ್ಲಿದೆ. ಎಚ್‌ಟಿಎಂಎಲ್‌ನಲ್ಲಿ ಇದೇ ಆವರಣವು ಆಜ್ಞೆಯ ಗುರುತು. ರೋಮನ್ ಲಿಪ್ಯಂತರದ ಪಾಠವನ್ನು ಡೇಟಾಬೇಸಿನಿಂದ ತೆಗೆದು ನೇರವಾಗಿ ಪುಟಕ್ಕೆ ಸೇರಿಸಿದರೆ, ಬ್ರೌಸರು ಆವರಣದೊಳಗಣ ಅಕ್ಷರಗಳನ್ನು ತನಗೆ ತಿಳಿಯದ ಆಜ್ಞೆಯೆಂದು ಬಗೆದು ಮರೆಮಾಡುತ್ತದೆ. ಸಂಪಾದಕನು ತುಂಬಿದ ಪಾಠ ಕಾಣದೆಹೋಗುತ್ತದೆ. ತ್ರುಟಿಯ ಸೂಚನೆಯೂ ಉಳಿಯುವುದಿಲ್ಲ. ಓದುಗನು ಲೋಪವಿರುವ ಸಾಲನ್ನೇ ಅಖಂಡವೆಂದು ತಿಳಿಯುವನು. ಲಿಪಿಕಾರನ ಸ್ಖಾಲಿತ್ಯವಾದರೂ ಎಲ್ಲಾದರೊಂದು ಕುರುಹು ಬಿಡುತ್ತದೆ. ಇದು ಅದನ್ನೂ ಬಿಡದು. ಪುಟಕ್ಕೆ ಸೇರಿಸುವ ಮುನ್ನ < ಎಂಬುದನ್ನು &lt; ಎಂದೂ & ಎಂಬುದನ್ನು &amp; ಎಂದೂ ಪರಿವರ್ತಿಸುವುದೇ ಇದಕ್ಕೆ ಪರಿಹಾರ. ಈ ಪರಿವರ್ತನೆ ಪುಟ ಸಿದ್ಧವಾಗುವಾಗ ನಡೆಯಬೇಕೇ ಹೊರತು ಸಂಗ್ರಹದಲ್ಲಿರುವ ಪಾಠದ ಮೇಲಲ್ಲ.

ಒಂದೇ ಪುಟಕ್ಕೆ ವಾಚನಭೇದಗಳೂ ಉಂಟು. 2006ರಲ್ಲಿ ಫೈಲ್‌ಮೇಕರ್ 8.5 ತಂದ ‘ವೆಬ್ ವ್ಯೂಯರ್’ ಮ್ಯಾಕ್ ಯಂತ್ರಗಳಲ್ಲಿ ಸಫಾರಿಯ ವಾಚಕವನ್ನೂ ವಿಂಡೋಸಿನಲ್ಲಿ ಎಕ್ಸ್‌ಪ್ಲೋರರಿನ ವಾಚಕವನ್ನೂ ಆಶ್ರಯಿಸಿತ್ತು. ವಿಂಡೋಸ್ ಯಂತ್ರದಲ್ಲಿ ಎಕ್ಸ್‌ಪ್ಲೋರರಿನ 11ನೆಯ ಆವೃತ್ತಿಯೇ ಇದ್ದರೂ, ತಂತ್ರಾಂಶದ ಹೆಸರಿನಲ್ಲಿ ಪ್ರತ್ಯೇಕವಾಗಿ ನಮೂದಿಸದಿದ್ದಲ್ಲಿ, ಒಳಗೆ ಕೂರಿಸಿದ ಅಂಗವು ಪುಟವನ್ನು 7ನೆಯ ಆವೃತ್ತಿಯ ರೀತಿಯಲ್ಲಿಯೇ ಓದುತ್ತದೆ.

ಎಕ್ಸ್‌ಪ್ಲೋರರ್ 11 ಬ್ರೌಸರು 2022ರ ಜೂನ್ 15ರಂದು ನಿವೃತ್ತವಾಯಿತು. ಅದರ ಸ್ಥಾನಕ್ಕೆ ಎಡ್ಜ್ ಆಧಾರಿತ ಅಂಗಗಳು ಬಂದಿವೆ. ವಿಬಿಸ್ಕ್ರಿಪ್ಟಿನಲ್ಲಿ ಬರೆದ ಹಳೆಯ ಪುಟಗಳು ಇವುಗಳಲ್ಲಿ ನಡೆಯುವುದಿಲ್ಲ. ಅವನ್ನು ಜಾವಾಸ್ಕ್ರಿಪ್ಟಿಗೆ ತಿರುಗಿಸಬೇಕಾಗುತ್ತದೆ. ಹಾಗೆ ತಿರುಗಿಸುವವರು ಹಳೆಯ ಪುಟದ ಒಂದು ಪ್ರತಿಯನ್ನು ತಿದ್ದದೆ ಕಾದಿಡುವುದು ಯುಕ್ತ.