ಮದ್ರಾಸ್ ಮಂತ್ರಿಮಂಡಲದಲ್ಲಿ ಮಂಗಳೂರಿನ ಎ. ಬಿ. ಶೆಟ್ಟಿ

ಅತ್ತಾವರ ಬಾಲಕೃಷ್ಣ ಶೆಟ್ಟಿ, ಅಂದರೆ ಎ. ಬಿ. ಶೆಟ್ಟಿ ಅವರು ವಿಜಯಾ ಬ್ಯಾಂಕಿನ ಸ್ಥಾಪಕರು ಮತ್ತು ಹಿಂದಿನ ಮದ್ರಾಸ್ ರಾಜ್ಯದ ಸಚಿವರು. ಬ್ಯಾಂಕಿನ ಸ್ಥಾಪಕರೆಂದು ಅವರನ್ನು ಬಲ್ಲವರು ಅನೇಕರಿದ್ದಾರೆ. ರಾಜಾಜಿ ಮತ್ತು ಕಾಮರಾಜರೊಡನೆ ಸೇಂಟ್ ಜಾರ್ಜ್ ಕೋಟೆಯಲ್ಲಿ ಕುಳಿತು ಆಡಳಿತ ನಡೆಸಿದ ಕನ್ನಡ ಜಿಲ್ಲೆಯ ಪ್ರತಿನಿಧಿ ಎಂಬುದನ್ನು ಬಲ್ಲವರು ಚೆನ್ನೈ ಕನ್ನಡಿಗರಲ್ಲಿಯೂ ವಿರಳ.

ಹಿನ್ನೆಲೆ

1956ರವರೆಗೆ ದಕ್ಷಿಣ ಕನ್ನಡವು ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಇಂದಿನ ಉಡುಪಿ ಜಿಲ್ಲೆ ಹಾಗೂ ಕಾಸರಗೋಡು ತಾಲ್ಲೂಕು ಆ ಜಿಲ್ಲೆಯೊಳಗೇ ಇದ್ದವು. ಬಳ್ಳಾರಿ ಜಿಲ್ಲೆ ಮತ್ತು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವೂ ಮದ್ರಾಸಿನವೇ. ಆ ಭಾಗದ ಕನ್ನಡಿಗರಿಗೆ ರಾಜಧಾನಿ ಎಂದರೆ ಬೆಂಗಳೂರಲ್ಲ, ಮದ್ರಾಸು. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳಿಗೆ 1949ರಲ್ಲಿ ಆ ಬಿರುದನ್ನಿತ್ತದ್ದು ಮದ್ರಾಸ್ ಸರ್ಕಾರವೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಬ್ಯಾಂಕಿನ ಸ್ಥಾಪನೆ

ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ಆವರಿಸಿದ್ದ ಕಾಲದಲ್ಲಿ, 1931ರ ಅಕ್ಟೋಬರ್ 23ರಂದು, ಬಂಟ ಸಮುದಾಯದ ಕೃಷಿಕರನ್ನು ಜೊತೆಗೂಡಿಸಿಕೊಂಡು ಶೆಟ್ಟರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಆರಂಭಿಸಿದರು. ಜಿಲ್ಲೆಯ ರೈತರಲ್ಲಿ ಉಳಿತಾಯದ ಅಭ್ಯಾಸವನ್ನೂ ಉದ್ಯಮಶೀಲತೆಯನ್ನೂ ಬೆಳೆಸುವುದು ಅದರ ಉದ್ದೇಶವಾಗಿತ್ತು. ಕೆನರಾ, ಕಾರ್ಪೊರೇಷನ್, ಕರ್ಣಾಟಕ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಅದೇ ಜಿಲ್ಲೆಯಲ್ಲಿ ಅದಕ್ಕೂ ಮೊದಲೇ ಹುಟ್ಟಿದ್ದವು.

ಸಚಿವರಾಗಿ

1952ರ ಚುನಾವಣೆಯಲ್ಲಿ ಮದ್ರಾಸ್ ವಿಧಾನಸಭೆಯ 375 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ದೊರೆತದ್ದು 152 ಮಾತ್ರ. ಬಹುಮತವಿಲ್ಲದ ಆ ಪರಿಸ್ಥಿತಿಯಲ್ಲಿ ಮುಖ್ಯಮಂತ್ರಿಗಳಾದ ರಾಜಾಜಿಯವರು ಪ್ರಾಂತ್ಯದ ಎಲ್ಲ ಭಾಷಾ ಪ್ರದೇಶಗಳಿಂದಲೂ ಸಚಿವರನ್ನು ಆರಿಸಿಕೊಂಡರು. ಶೆಟ್ಟರಿಗೆ ಆರೋಗ್ಯ ಖಾತೆ ದೊರೆಯಿತು. ಬಳ್ಳಾರಿ ಜಿಲ್ಲೆಯ ಆರ್. ನಾಗನಗೌಡರು ಕೃಷಿ ಸಚಿವರಾದರು. ಉಡುಪಿ ಮೂಲದ ಮನೆತನದ ಯು. ಕೃಷ್ಣರಾಯರು ಕೈಗಾರಿಕೆ ಮತ್ತು ಕಾರ್ಮಿಕ ಖಾತೆಗಳನ್ನು ವಹಿಸಿಕೊಂಡರು. ಮುಂದೆ 1957ರಲ್ಲಿ ಅವರು ಮದ್ರಾಸ್ ವಿಧಾನಸಭೆಯ ಸಭಾಪತಿಗಳೂ ಆದರು.

ಆದರೆ ಪ್ರಾಂತ್ಯವೇ ಒಡೆಯತೊಡಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿತು. ಅಂದೇ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ವಿಧಾನಸಭೆಯ ಬಲ ಇಳಿಯಿತು. ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಹೊಸ ಶಿಕ್ಷಣ ಯೋಜನೆಗೆ ಎದ್ದ ವಿರೋಧದಿಂದಾಗಿ 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಆ ವರ್ಷದ ಏಪ್ರಿಲ್ 13ರಂದು ಕಾಮರಾಜರು ರಚಿಸಿದ ಎಂಟು ಮಂದಿಯ ಚಿಕ್ಕ ಸಂಪುಟದಲ್ಲಿಯೂ ಶೆಟ್ಟರಿಗೆ ಸ್ಥಾನವಿತ್ತು. ಇಬ್ಬರು ನಾಯಕರ ರಾಜಕೀಯ ಬಣಗಳು ಬೇರೆ ಬೇರೆಯಾಗಿದ್ದ ಆ ದಿನಗಳಲ್ಲಿ ಇದು ಗಮನಾರ್ಹ ಸಂಗತಿ. 1956ರ ಮಾರ್ಚ್ 1ರಂದು ಅವರು ಸಂಪುಟದಿಂದ ಹೊರಬಂದರು. ಅವರ ಖಾತೆಗಳನ್ನು ಇತರ ಸಚಿವರಿಗೆ ಹಂಚಲಾಯಿತು.

ಎಂಟೇ ತಿಂಗಳಲ್ಲಿ, ಅದೇ ವರ್ಷದ ನವೆಂಬರ್ 1ರಂದು, ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಕಾಸರಗೋಡು ತಾಲ್ಲೂಕು ಕೇರಳಕ್ಕೂ ಸೇರಿಹೋದವು.

ನಂತರದ ಕಥೆ

ವಿಜಯಾ ಬ್ಯಾಂಕು 1958ರಲ್ಲಿ ಷೆಡ್ಯೂಲ್ಡ್ ಬ್ಯಾಂಕಾಯಿತು. ಮೂಲ್ಕಿ ಸುಂದರರಾಮ ಶೆಟ್ಟಿ ಅವರ ನೇತೃತ್ವದಲ್ಲಿ, 1960ರ ದಶಕದಲ್ಲಿ, ಒಂಬತ್ತು ಚಿಕ್ಕ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆಯಿತು. 1969ರಲ್ಲಿ ಕೇಂದ್ರ ಕಚೇರಿ ಬೆಂಗಳೂರಿಗೆ ಬಂದಿತು. 1980ರ ಏಪ್ರಿಲ್ 15ರಂದು ಬ್ಯಾಂಕು ರಾಷ್ಟ್ರೀಕರಣಗೊಂಡಿತು. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ ಆ ಹೆಸರೇ ಇಲ್ಲವಾಯಿತು. ಮಂಗಳೂರಿನ ಎ. ಬಿ. ಶೆಟ್ಟಿ ವೃತ್ತದಲ್ಲಿ ಸ್ಥಾಪಕರ ಹೆಸರು ಉಳಿದಿದೆ.

ಶೆಟ್ಟರಂಥವರ ರಾಜಕೀಯ ಜೀವನಕ್ಕೆ ಒಂದು ವಿಚಿತ್ರ ಸ್ಥಿತಿ ಒದಗಿದೆ. ತಮಿಳುನಾಡಿನ ಚರಿತ್ರೆಗೆ ಅವರು ಬೇರೆ ನಾಡಿನವರು. ಕರ್ನಾಟಕದ ಚರಿತ್ರೆಗೆ ಅವರ ಅಧಿಕಾರಾವಧಿ ಬೇರೆ ರಾಜ್ಯದ್ದು. ಎರಡು ನಾಡುಗಳ ನಡುವೆ ಇಂಥ ಹೆಸರುಗಳು ಜಾರಿಹೋಗುತ್ತವೆ. ಮಾಧವರಂ ಬಸ್ ನಿಲ್ದಾಣದಿಂದ ಇಂದು ನೆಲ್ಲೂರು, ತಿರುಪತಿಗಳಿಗೆ ಹೊರಡುವವರು ದಾಟುವ ಗಡಿ 1952ರಲ್ಲಿ ರಾಜ್ಯದ ಗಡಿಯಾಗಿರಲಿಲ್ಲ. ಮಂಗಳೂರಿಗೆ ರೈಲು ಹತ್ತುತ್ತಿದ್ದವರೂ ಅಂದು ರಾಜ್ಯದೊಳಗೇ ಪ್ರಯಾಣ ಮಾಡುತ್ತಿದ್ದರು. ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಮನೆತನಗಳ ಹಿರಿಯರಲ್ಲಿ ಅನೇಕರು ಇಲ್ಲಿಗೆ ಬಂದದ್ದು ಪರರಾಜ್ಯಕ್ಕಲ್ಲ, ತಮ್ಮದೇ ರಾಜಧಾನಿಗೆ. ಆ ರಾಜಧಾನಿಯ ಆಡಳಿತದಲ್ಲಿ ಕನ್ನಡ ಜಿಲ್ಲೆಗಳಿಗೂ ಪಾಲಿತ್ತು ಎಂಬುದಕ್ಕೆ ಎ. ಬಿ. ಶೆಟ್ಟರ ಜೀವನವೇ ಸಾಕ್ಷಿ.