ಸರ್ವರಿಗೂ ಪಾಲು: ಕರವೀರದ 1902ರ ಆಜ್ಞೆ ಮತ್ತು ಇಂದಿನ ಕಂಪನಿಗಳು

ವೇದಗಂಗೆಯ ದಂಡೆಯ ಮೇಲಿರುವ ಮುರಗೂಡ ಇಂದು ಕೊಲ್ಲಾಪುರ ಜಿಲ್ಲೆಯ ಕಾಗಲ ತಾಲೂಕಿಗೆ ಸೇರಿದ ಊರು. ಇಲ್ಲಿ ಹರಿಯುವ ನೀರು ಮುಂದೆ ಬೆಳಗಾವಿ ಜಿಲ್ಲೆಯಲ್ಲಿ ದೂಧಗಂಗೆಯೊಡನೆ ಬೆರೆತು ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ನದಿಯಂತೆಯೇ ಮಾತೂ ಗಡಿಯನ್ನು ಲೆಕ್ಕಿಸದೆ ಹರಿದ ಸೀಮೆ ಇದು. ಮುರಗೂಡ, ಗಡಹಿಂಗ್ಲಜ, ಇಚಲಕರಂಜಿಗಳ ಮನೆಗಳಿಂದ ಹೊರಟ ಮಕ್ಕಳು ಇಂದು ಪುಣೆ, ಮುಂಬಯಿ, ಬೆಂಗಳೂರುಗಳ ದೊಡ್ಡ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅಂಥ ಕಂಪನಿಗಳಲ್ಲಿ ಈಚೆಗೆ ಮೂರು ಮಾತುಗಳು ಪದೇ ಪದೇ ಕೇಳಿಬರುತ್ತವೆ: ವೈವಿಧ್ಯ, ಸಮತೆ, ಒಳಗೊಳ್ಳುವಿಕೆ. ಎಲ್ಲ ಬಗೆಯ ಜನರೂ ಕೆಲಸಕ್ಕೆ ಬರಬೇಕು, ಬಂದವರಿಗೆ ನ್ಯಾಯವಾದ ಅವಕಾಶ ದೊರೆಯಬೇಕು, ದೊರೆತವರು ಪರಕೀಯರಂತೆ ಮೂಲೆಯಲ್ಲಿ ನಿಲ್ಲಬಾರದು ಎಂಬುದು ಅವುಗಳ ತಾತ್ಪರ್ಯ. ಹೊರದೇಶದಿಂದ ಬಂದ ಹೊಸ ವಿಚಾರವೆಂದು ಇದನ್ನು ಭಾವಿಸುವವರುಂಟು. ಆದರೆ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇದೇ ಮಣ್ಣಿನಲ್ಲಿ, ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಒಬ್ಬ ಅರಸರು ಈ ಮೂರನ್ನೂ ಆಡಳಿತದಲ್ಲಿ ಪ್ರಯೋಗಿಸಿ ನೋಡಿದ್ದರು.

ಸಂಸ್ಥಾನದ ಕಚೇರಿ

1874ರ ಜೂನ್ 26ರಂದು ಜನಿಸಿದ ಯಶವಂತರಾವ ಘಾಟಗೆ 1884ರಲ್ಲಿ ಕೊಲ್ಲಾಪುರದ ಗಾದಿಗೆ ದತ್ತಕರಾಗಿ ಶಾಹು ಛತ್ರಪತಿ ಎನಿಸಿಕೊಂಡರು. ರಾಜಕೋಟದಲ್ಲಿ ಕೆಲಕಾಲ ಓದಿ, 1890ರಿಂದ ನಮ್ಮ ಧಾರವಾಡದಲ್ಲಿ ಸ್ಟುವರ್ಟ್ ಫ್ರೇಜರ್ ಎಂಬ ಆಂಗ್ಲ ಗುರುವಿನ ಬಳಿ ವಿದ್ಯಾಭ್ಯಾಸ ಮುಂದುವರಿಸಿದರು. 1894ರ ಏಪ್ರಿಲ್ 2ರಂದು ರಾಜ್ಯಾಧಿಕಾರ ಕೈಗೆ ಬಂದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಆ ಕಾಲದಲ್ಲಿ ಸಂಬಳದ ನೌಕರಿ ಕೊಡುವ ಅತಿ ದೊಡ್ಡ ಸಂಸ್ಥೆಯೆಂದರೆ ಸರಕಾರವೇ. ಇಂದಿನ ಕಂಪನಿಗಳ ಸ್ಥಾನದಲ್ಲಿ ಅಂದು ಸಂಸ್ಥಾನದ ಕಚೇರಿಯಿತ್ತು. ಆ ಕಚೇರಿಯ ಸ್ಥಿತಿಯನ್ನು ಅಂಕಿಗಳೇ ಹೇಳುತ್ತವೆ. ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಬ್ರಾಹ್ಮಣ ಸಮಾಜದವರ ಕೈಯಲ್ಲಿದ್ದವು. 500 ಕಾರಕೂನರಲ್ಲಿ ಬ್ರಾಹ್ಮಣೇತರರು ಬರೀ 10 ಮಂದಿ. ಇದಕ್ಕೆ ಯಾವುದೇ ಒಬ್ಬ ವ್ಯಕ್ತಿಯ ದುರುದ್ದೇಶವನ್ನು ಕಾರಣವೆಂದು ಹೇಳಲಾಗದು. ಅಕ್ಷರವಿದ್ದವರ ಮನೆಯಲ್ಲಿ ಅಕ್ಷರ ಬೆಳೆಯಿತು, ಕಚೇರಿಯ ದಾರಿ ಬಲ್ಲವರ ಮಕ್ಕಳು ಕಚೇರಿಗೆ ಬಂದರು. ಒಕ್ಕಲಿಗನ ಮಗನಿಗೆ, ನೇಕಾರನ ಮಗನಿಗೆ, ಹೊಲಗೇರಿಯ ಹುಡುಗನಿಗೆ ಆ ದಾರಿಯೇ ಕಾಣುತ್ತಿರಲಿಲ್ಲ.

ಆಜ್ಞೆಯ ಒಳಹುರುಳು

ಏಳನೆಯ ಎಡ್ವರ್ಡರ ಪಟ್ಟಾಭಿಷೇಕದ ನಿಮಿತ್ತ ಮಹಾರಾಜರು ಇಂಗ್ಲೆಂಡಿನಲ್ಲಿದ್ದಾಗಲೇ, 1902ರ ಜುಲೈ 26ರಂದು ಆ ಪ್ರಸಿದ್ಧ ಆಜ್ಞೆ ಹೊರಬಿದ್ದಿತು. ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗದವರಿಗೆ ಕೊಡತಕ್ಕದ್ದು ಎಂಬುದು ಅದರ ಸಾರ. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮೊದಲಾದ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರೆಂದು ಅದರಲ್ಲಿ ಹೇಳಲಾಯಿತು. ಭಾರತದ ಮೀಸಲಾತಿಯ ಚರಿತ್ರೆಯಲ್ಲಿ ಮೊದಮೊದಲ ಪುಟದಲ್ಲಿ ನಿಲ್ಲುವ ದಾಖಲೆಯಿದು.

ಈ ಐವತ್ತರ ಅಂಕಿಯನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆಜ್ಞೆಯ ಇನ್ನೆರಡು ಅಂಶಗಳು ಅಷ್ಟೇ ಮಹತ್ತ್ವದವು. ಮೊದಲನೆಯದು, ಕುಳಿತವರನ್ನು ಎಬ್ಬಿಸುವ ಮಾತು ಅದರಲ್ಲಿರಲಿಲ್ಲ. ಮುಂದೆ ತೆರವಾಗುವ ಸ್ಥಾನಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಎರಡನೆಯದು, ಪ್ರತಿಯೊಂದು ಖಾತೆಯ ಮುಖ್ಯಸ್ಥರೂ ತಾವು ಮಾಡಿದ ನೇಮಕಗಳ ವರದಿಯನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾಗಿತ್ತು. ಆಜ್ಞೆ ಗೆಜೆಟ್ಟಿನಲ್ಲಿ ಅಚ್ಚಾಗಿ ದಫ್ತರದಲ್ಲಿ ಮಲಗದಂತೆ ಕಾಯ್ದದ್ದು ಈ ವರದಿಯೇ. ಒಳ್ಳೆಯ ಮಾತನ್ನು ಆಡುವುದು ಸುಲಭ. ಅದರ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸುವುದು ಕಷ್ಟ. 1912ರ ಹೊತ್ತಿಗೆ 95 ಅಧಿಕಾರಿಗಳ ಪೈಕಿ ಬ್ರಾಹ್ಮಣರು 35 ಮಂದಿ ಇದ್ದರು. ಹತ್ತು ವರ್ಷಗಳ ಎಣಿಕೆಯ ಫಲವಿದು.

ವಿರೋಧವೂ ಇತ್ತು. ಯೋಗ್ಯತೆ ಕುಸಿಯುವುದೆಂಬ ಆಕ್ಷೇಪ ಅಂದೇ ಕೇಳಿಬಂತು. ಸಾಂಗಲಿಯ ವಕೀಲ ಗಣಪತರಾವ ಅಭ್ಯಂಕರರು ಈ ಪ್ರಶ್ನೆಯೆತ್ತಿದಾಗ ಮಹಾರಾಜರು ಅವರನ್ನು ಕುದುರೆ ಲಾಯಕ್ಕೆ ಕರೆದೊಯ್ದರೆಂಬ ಪ್ರಸಂಗವನ್ನು ಕೊಲ್ಲಾಪುರದ ಕಡೆ ಇಂದಿಗೂ ಹೇಳುತ್ತಾರೆ. ಪ್ರತಿ ಕುದುರೆಗೂ ಬೇರೆ ಬೇರೆ ಕಟ್ಟಿದ್ದ ಹುರುಳಿಯ ಚೀಲಗಳನ್ನು ಬಿಚ್ಚಿಸಿ, ಕಾಳನ್ನೆಲ್ಲ ಒಂದೆಡೆ ಸುರಿಸಿದರಂತೆ. ಬಲಿಷ್ಠ ಕುದುರೆಗಳು ಮುನ್ನುಗ್ಗಿ ತಿಂದವು, ಮರಿಗಳೂ ಬಡಕಲು ಕುದುರೆಗಳೂ ದೂರದಲ್ಲೇ ನಿಂತವು. ಎಲ್ಲರಿಗೂ ಒಂದೇ ರಾಶಿ ಎಂಬುದು ಸಮತೆಯಂತೆ ಕಂಡರೂ ಸಮತೆಯಲ್ಲ ಎಂಬುದು ಆ ಕಥೆಯ ತಿರುಳು.

ಬೋರ್ಡಿಂಗು ಮತ್ತು ಚಹದ ಅಂಗಡಿ

ಹುದ್ದೆ ಕಾಯ್ದಿರಿಸಿದ ಮಾತ್ರಕ್ಕೆ ಅದನ್ನು ತುಂಬುವ ವಿದ್ಯಾವಂತರು ಎಲ್ಲಿಂದ ಬರಬೇಕು? ಇದಕ್ಕೆ ಉತ್ತರವನ್ನು ಮಹಾರಾಜರು ಆಜ್ಞೆಗಿಂತ ಮೊದಲೇ ಸಿದ್ಧಪಡಿಸತೊಡಗಿದ್ದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗು, ಅದೇ ವರ್ಷ ಜೈನ ಬೋರ್ಡಿಂಗು ಆರಂಭವಾದವು. ಮುಂದೆ ಲಿಂಗಾಯತ, ಮುಸ್ಲಿಂ ವಿದ್ಯಾರ್ಥಿಗಳ ವಸತಿಗೃಹಗಳೂ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗೂ ಎದ್ದು ನಿಂತವು. ಮನೆಯಲ್ಲಿ ಕನ್ನಡವಾಡುವ ಜೈನ, ಲಿಂಗಾಯತ ಒಕ್ಕಲು ಮನೆತನಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಹಳ್ಳಿಯ ಹುಡುಗನಿಗೆ ಕೊಲ್ಲಾಪುರದಲ್ಲಿ ಅನ್ನ, ಆಸರೆ ದೊರೆತಾಗ ಮಾತ್ರ ಹೈಸ್ಕೂಲು ಅವನಿಗೆ ಎಟುಕಿತು. ಕುರುಂದವಾಡದ ಜೈನ ಮನೆತನದ ಅಣ್ಣಾಸಾಹೇಬ ಲಠ್ಠೆಯವರು ಮಹಾರಾಜರ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯೂ ಆದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸುವ ಆಜ್ಞೆ ಬಂದಿತು. 1918ರಲ್ಲಿ ವಂಶಪಾರಂಪರ್ಯದ ಕುಲಕರ್ಣಿ ವತನ ಹೋಗಿ, ಸಂಬಳದ ತಲಾಠಿಗಳು ಬಂದರು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಬಂದವನಿಗೆ ನೀರಿನ ತೊಟ್ಟಿಯ ಬಳಿ ಜಾಗವಿರಲಿಲ್ಲ. ಅರಮನೆಯ ಚಾಕರಿಯಲ್ಲಿದ್ದ ಗಂಗಾರಾಮ ಕಾಂಬಳೆಯವರು ಮೇಲ್ಜಾತಿಯವರ ನೀರನ್ನು ಮುಟ್ಟಿದರೆಂಬ ಕಾರಣಕ್ಕೆ ಏಟು ತಿಂದರು. ಹೊಡೆದವರನ್ನು ಮಹಾರಾಜರು ಶಿಕ್ಷಿಸಿದರು. ಅಷ್ಟಕ್ಕೇ ನಿಲ್ಲದೆ, ಕೊಲ್ಲಾಪುರ ಪೇಟೆಯಲ್ಲಿ ಗಂಗಾರಾಮರು ಚಹದ ಅಂಗಡಿ ತೆರೆಯಲು ನೆರವಾದರು. ಆಮೇಲೆ ತಮ್ಮ ಗಾಡಿಯನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, ಎಲ್ಲರೆದುರಿಗೆ ಚಹ ತರಿಸಿ ಕುಡಿಯತೊಡಗಿದರು. ಜೊತೆಯಲ್ಲಿದ್ದ ಸರದಾರರೂ ಕುಡಿಯಲೇಬೇಕಾಯಿತು. ಆಜ್ಞೆಯಿಂದ ಆಗದ ಕೆಲಸವನ್ನು ಒಂದು ಬಟ್ಟಲು ಚಹ ಮಾಡಿತು. ಒಳಗೊಳ್ಳುವಿಕೆ ಎಂಬ ದೊಡ್ಡ ಪದಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನ ಸಿಗುವುದು ಕಷ್ಟ.

1920ರ ಮಾರ್ಚ್‌ನಲ್ಲಿ ಮಾಣಗಾವದಲ್ಲಿ ನಡೆದ ಪರಿಷತ್ತಿನಲ್ಲಿ ತರುಣ ಅಂಬೇಡಕರರನ್ನು ಮಹಾರಾಜರು ಶೋಷಿತರ ನಾಯಕರೆಂದು ಮನಸಾರೆ ಗೌರವಿಸಿದರು. 1922ರ ಮೇ 6ರಂದು, ಐವತ್ತು ವರ್ಷವೂ ತುಂಬುವ ಮುನ್ನ, ಮುಂಬಯಿಯಲ್ಲಿ ಅವರು ತೀರಿಕೊಂಡರು.

ಮೈಸೂರಿನಲ್ಲಿ ಅದೇ ಪ್ರಶ್ನೆ

ಧಾರವಾಡದಲ್ಲಿ ಶಾಹು ಅವರಿಗೆ ಪಾಠ ಹೇಳಿದ ಫ್ರೇಜರರೇ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಒಬ್ಬ ಗುರುವಿನ ಈ ಇಬ್ಬರು ಶಿಷ್ಯರೂ ಒಂದೇ ಪ್ರಶ್ನೆಯನ್ನು ಎದುರಿಸಿದ್ದು ಚರಿತ್ರೆಯ ಸ್ವಾರಸ್ಯ. 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ದೊರೆಯಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ದಿವಾನ ವಿಶ್ವೇಶ್ವರಯ್ಯನವರು ಈ ನೀತಿಯನ್ನು ಒಪ್ಪದೆ ಅಧಿಕಾರದಿಂದ ಹೊರನಡೆದರು. ದಕ್ಷತೆ ಕುಂದಬಾರದೆಂಬುದು ಅವರ ಪ್ರಾಮಾಣಿಕ ಕಳವಳವಾಗಿತ್ತು. ಎರಡೂ ಕಡೆ ಸಜ್ಜನರಿದ್ದ ವಾದವಿದು. ಇಂದಿನ ಕಂಪನಿಗಳ ಸಭೆಗಳಲ್ಲಿಯೂ ಅದು ಮುಗಿದಿಲ್ಲ.

ಸಂಸ್ಥಾನದಿಂದ ಕಂಪನಿಗೆ

ಸ್ವಾತಂತ್ರ್ಯದ ನಂತರ ಸರಕಾರಿ ನೌಕರಿಯ ನ್ಯಾಯ ಸಂವಿಧಾನದಲ್ಲಿ ಸೇರಿತು. ಖಾಸಗಿ ಕಂಪನಿಗಳ ಬಾಗಿಲು ಬೇರೆಯೇ ಆಗಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಶಿಗ್ಗಾವಿ ಮೂಲದ ಸುಧಾ ಕುಲಕರ್ಣಿಯವರು ಟೆಲ್ಕೊ ಕಂಪನಿಯ ಜಾಹೀರಾತೊಂದನ್ನು ಕಂಡರು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲವೆಂದು ಅದರಲ್ಲಿತ್ತು. ಅವರು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್ ಕಾರ್ಡು ಬರೆದರು. ಪುಣೆಗೆ ಸಂದರ್ಶನದ ಕರೆ ಬಂತು, ಕೆಲಸವೂ ಸಿಕ್ಕಿತು. ಇಂದು ಸುಧಾ ಮೂರ್ತಿಯೆಂದು ನಾಡಿಗೆ ಪರಿಚಿತರಾದ ಇವರ ಕುಟುಂಬಕ್ಕೂ ನಮ್ಮ ಸೀಮೆಯ ನಂಟಿದೆ: ಸೋದರ, ಖಗೋಲ ವಿಜ್ಞಾನಿ ಶ್ರೀನಿವಾಸ ಕುಲಕರ್ಣಿಯವರು ಹುಟ್ಟಿದ್ದು ಕುರುಂದವಾಡದಲ್ಲಿ.

ಒಂದು ಪೋಸ್ಟ್ ಕಾರ್ಡಿನ ಧೈರ್ಯ ದೊಡ್ಡದು. ಆದರೆ ಎಲ್ಲ ಹೆಣ್ಣುಮಕ್ಕಳೂ ಕಾರ್ಡು ಬರೆಯಲಾರರು, ಎಲ್ಲ ಒಡೆಯರೂ ಅದನ್ನು ಓದಲಾರರು. ಆದ್ದರಿಂದಲೇ ನಿಯಮ ಬೇಕು. 2013ರ ಕಂಪನಿ ಕಾಯಿದೆಯಂತೆ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ನಿರ್ದೇಶಕ ಮಂಡಲಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಸಮಾನ ಅವಕಾಶದ ನೀತಿಯನ್ನು ಪ್ರಕಟಿಸುವ ಹೊಣೆಯನ್ನು ಖಾಸಗಿ ಸಂಸ್ಥೆಗಳ ಮೇಲೂ ಹೊರಿಸಿದೆ. ಈ ಕಾಯಿದೆಗಳು ಬಾಗಿಲನ್ನು ತೆರೆದಿವೆ. ಒಳಗೆ ಏನು ನಡೆಯಬೇಕೆಂಬುದಕ್ಕೆ ಕರವೀರದ ಅನುಭವ ಮೂರು ಪಾಠಗಳನ್ನು ಹೇಳುತ್ತದೆ: ಪಾಲನ್ನು ಗೊತ್ತುಮಾಡಿದರೆ ಅದರ ಲೆಕ್ಕವನ್ನೂ ಕೇಳಬೇಕು, ಹುದ್ದೆಗೆ ಮೊದಲು ಓದಿನ ಆಸರೆ ಬೇಕು, ಕೆಲಸಕ್ಕೆ ಬಂದವರ ಜೊತೆ ಕುಳಿತು ಚಹ ಕುಡಿಯುವ ಮನಸ್ಸು ಮೇಲಿನವರಲ್ಲಿ ಮೊದಲು ಕಾಣಬೇಕು.

ಬೇರೆ ರಾಜ್ಯದಲ್ಲಿ ನೆಲೆಸಿ ಕನ್ನಡವನ್ನು ಮನೆಯಲ್ಲಿ ಉಳಿಸಿಕೊಂಡ ನಮಗೆ, ಸಂಖ್ಯೆಯಲ್ಲಿ ಕಡಿಮೆಯಾಗಿರುವುದು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ನುಡಿಗೆ ನಾವು ಬಯಸುವ ಗೌರವದ ಸ್ಥಾನವನ್ನೇ ನಮ್ಮ ಪಕ್ಕದ ಮೇಜಿನಲ್ಲಿ ಕುಳಿತವರಿಗೂ ಬಯಸೋಣ. ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ನೌಕರಿ ಕೊಡುವ ಸ್ಥಾನಕ್ಕೂ ಏರುವರು. ಆಗ ಕಾಗಲದ ಮನೆತನದ ಆ ಅರಸರ ತ್ರೈಮಾಸಿಕ ವರದಿಯೂ, ಗಂಗಾರಾಮರ ಅಂಗಡಿಯ ಚಹವೂ ಅವರ ನೆನಪಿನಲ್ಲಿರಲಿ.