ಫಾರಂ ಕೋಳಿ ಅಗ್ಗವಾದ ಕಥೆ

ಮೈಸೂರಿನ ಯಾವುದೇ ಬಡಾವಣೆಯ ಕೋಳಿ ಅಂಗಡಿಯಲ್ಲಿ ಎರಡು ದರಗಳಿರುವುದನ್ನು ನೀವು ಗಮನಿಸಿರಬಹುದು. ಫಾರಂ ಕೋಳಿಗೆ ಒಂದು ದರ, ನಾಟಿ ಕೋಳಿಗೆ ಅದಕ್ಕಿಂತ ಹೆಚ್ಚಿನ ದರ. ತಿಪ್ಪೆ ಕೆದಕಿ ತಾನೇ ಆಹಾರ ಹುಡುಕಿಕೊಳ್ಳುವ ಕೋಳಿ ದುಬಾರಿ; ಮೆಕ್ಕೆಜೋಳ, ಸೋಯಾ ಹಿಂಡಿ ಕೊಂಡು ತಂದು ಸಾಕಿದ ಕೋಳಿ ಅಗ್ಗ! ಇದು ಹೇಗೆ ಸಾಧ್ಯ?

ಉತ್ತರ ಬೆಳವಣಿಗೆಯ ವೇಗದಲ್ಲಿದೆ. ಹಿತ್ತಿಲಿನ ನಾಟಿ ಕೋಳಿ ಒಂದೂವರೆ ಕಿಲೋಗ್ರಾಂ ತೂಗಲು ಐದಾರು ತಿಂಗಳು ಬೇಕು. ಬ್ರಾಯ್ಲರ್ ಆರು ವಾರಗಳಲ್ಲಿ ಎರಡು ಕಿಲೋಗ್ರಾಂ ದಾಟುತ್ತದೆ. ಒಂದೇ ಶೆಡ್ಡಿನಲ್ಲಿ ವರ್ಷಕ್ಕೆ ಐದಾರು ತಂಡಗಳನ್ನು ಬೆಳೆಸಬಹುದು.

ಈ ವೇಗಕ್ಕೆ ಹಾರ್ಮೋನ್ ಚುಚ್ಚುಮದ್ದು ಕಾರಣವೆಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಆಹಾರದಲ್ಲಿ ಬೆರೆಸಿದರೆ ಅದು ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಸಾವಿರಾರು ಕೋಳಿಗಳಿಗೆ ಮತ್ತೆ ಮತ್ತೆ ಚುಚ್ಚುವುದು ಯಾವ ಸಾಕಣೆದಾರನಿಗೂ ಗಿಟ್ಟದು. ಹಾಗಾದರೆ ನಿಜವಾದ ಕಾರಣವೇನು? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡಿತು. 1957 ಮತ್ತು 1978ರ ತಳಿಗಳನ್ನು ಆಯ್ಕೆಗೆ ಒಳಪಡಿಸದೆ ಅಲ್ಲಿ ಉಳಿಸಿಕೊಂಡಿದ್ದರು. ಅವುಗಳನ್ನೂ 2005ರ ವಾಣಿಜ್ಯ ತಳಿಯನ್ನೂ ಒಂದೇ ಬಗೆಯ ಆಹಾರ ಕೊಟ್ಟು ಬೆಳೆಸಿದರು. 56ನೆಯ ದಿನ ಅವುಗಳ ಸರಾಸರಿ ತೂಕ ಕ್ರಮವಾಗಿ 905, 1808 ಮತ್ತು 4202 ಗ್ರಾಂ. 2014ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸ ತಳಿಯದು. ಪ್ರತಿ ಪೀಳಿಗೆಯಲ್ಲೂ ಬೇಗ ಬೆಳೆದ ಹಕ್ಕಿಗಳನ್ನೇ ಆರಿಸಿ ಮರಿ ಮಾಡಿಸಿದ್ದರ ಫಲ ಅದು.

ಈ ಆಯ್ಕೆಗೆ ಕಚ್ಚಾವಸ್ತು ಎಲ್ಲಿಂದ ಬಂತು? ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮಕ್ಕೆ ಕಾರಣವಾದ ಜೀನ್ ರೂಪ ಬಹುಶಃ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರ ಅಧ್ಯಯನವೊಂದು ತೋರಿಸಿತು. ಬೂದು ಕಾಡುಕೋಳಿ ನಮ್ಮ ಬಂಡೀಪುರ, ನಾಗರಹೊಳೆ ಕಾಡುಗಳ ಹಕ್ಕಿ. ಪಾಶ್ಚಾತ್ಯ ದೇಶಗಳ ಬಹುಪಾಲು ವಾಣಿಜ್ಯ ಕೋಳಿಗಳಲ್ಲಿ ಈ ಜೀನ್ ಇದೆ.

ಭಾರತದಲ್ಲಿ ಹಿತ್ತಿಲಿನ ಕೋಳಿ ಉದ್ಯಮವಾಗಿ ಬದಲಾದದ್ದು 1970ರ ದಶಕದ ನಂತರ. ಆಮೇಲೆ ಒಪ್ಪಂದ ಸಾಕಣೆ ಬಂತು. ಇದರಲ್ಲಿ ಮರಿ, ಆಹಾರ, ಔಷಧಿ ಕಂಪನಿಯದು; ಶೆಡ್ಡು, ನೀರು, ವಿದ್ಯುತ್ತು, ದುಡಿಮೆ ರೈತನದು. ಬೆಳೆದ ತೂಕಕ್ಕೆ ತಕ್ಕಂತೆ ರೈತನಿಗೆ ಕೂಲಿ. 2022-23ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಸುಮಾರು 97.7 ಲಕ್ಷ ಟನ್ ಮಾಂಸದಲ್ಲಿ ಅರ್ಧದಷ್ಟು ಕೋಳಿಯದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿದ್ದ ಕೋಳಿಗಳು ಸುಮಾರು 5.95 ಕೋಟಿ.

ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. ಮೊದಲನೆಯದು ಭೌತವಿಜ್ಞಾನಕ್ಕೆ ಸಂಬಂಧಿಸಿದ್ದು. ಆಕಾರ ಬದಲಾಗದೆ ದೇಹದ ತೂಕ ಎಂಟು ಪಟ್ಟಾದರೆ ಮೇಲ್ಮೈ ನಾಲ್ಕೇ ಪಟ್ಟಾಗುತ್ತದೆ. ಹೆಚ್ಚು ತಿಂದು ಬೇಗ ಬೆಳೆಯುವ ದೇಹ ಹೆಚ್ಚು ಉಷ್ಣ ಉತ್ಪಾದಿಸುತ್ತದೆ, ಅದನ್ನು ಹೊರಹಾಕುವ ಮೇಲ್ಮೈ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಕೋಳಿಗೆ ಬೆವರು ಗ್ರಂಥಿಗಳಿಲ್ಲ. ಬೇಸಿಗೆಯಲ್ಲಿ ಅದು ಬಾಯಿ ತೆರೆದು ಏದುಸಿರು ಬಿಡುತ್ತ ನೀರನ್ನು ಆವಿಯಾಗಿಸಿ ತಂಪಾಗುತ್ತದೆ. ಶೆಡ್ಡುಗಳನ್ನು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಕಟ್ಟಿ, ಬದಿಗಳಿಗೆ ತಂತಿಜಾಲರಿ ಹಾಕುವುದು ಬಿಸಿಲು ತಪ್ಪಿಸಿ ಗಾಳಿ ಆಡಿಸಲೆಂದೇ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನ ಹಿತವಾದ ಹವೆ ಈ ಸಾಕಣೆಗೆ ಅನುಕೂಲ.

ಎರಡನೆಯದು ರೋಗಭಯ. ಒಂದೇ ಬಗೆಯ ಸಾವಿರಾರು ಹಕ್ಕಿಗಳು ಒತ್ತಾಗಿರುವಲ್ಲಿ ಸೋಂಕು ಬೇಗ ಹರಡುತ್ತದೆ. ರೋಗ ತಡೆಯಲೂ ಬೆಳವಣಿಗೆ ಹೆಚ್ಚಿಸಲೂ ಪ್ರತಿಜೈವಿಕಗಳನ್ನು ಬಳಸುವ ರೂಢಿ ಬೆಳೆಯಿತು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಪ್ರಾಣಿಸಾಕಣೆಯಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಯಿತು. ನಾವು ಆತಂಕಪಡಬೇಕಾದದ್ದು ಇಲ್ಲದ ಹಾರ್ಮೋನಿನ ಬಗ್ಗೆ ಅಲ್ಲ, ಇದರ ಬಗ್ಗೆ.

ಮೂರನೆಯದು ಮಾರುಕಟ್ಟೆಯ ಅಸ್ಥಿರತೆ. 2020ರ ಆರಂಭದಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆಂಬ ಸುಳ್ಳು ಹರಡಿ ಬೆಲೆ ಕುಸಿಯಿತು. ಅದೇ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಮೈಸೂರು ಸೀಮೆಗೂ ಕೇರಳಕ್ಕೂ ಕೋಳಿ ವ್ಯಾಪಾರವಿದೆ. 2021ರ ಜನವರಿಯಲ್ಲಿ ಕೇರಳದಲ್ಲಿ ಹಕ್ಕಿಜ್ವರ ಕಂಡಾಗ ಬಾವಲಿಯಂಥ ಗಡಿಠಾಣೆಗಳಲ್ಲಿ ಕೋಳಿ ಲಾರಿಗಳನ್ನು ತಡೆದರು. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬೇಯಿಸಿದರೆ ಹಕ್ಕಿಜ್ವರದ ವೈರಸ್ ನಾಶವಾಗುತ್ತದೆಂಬ ತಿಳಿವಳಿಕೆ ವದಂತಿಯಷ್ಟು ವೇಗವಾಗಿ ಹರಡುವುದಿಲ್ಲ. ವದಂತಿಯ ನಷ್ಟ ಸಾಲ ಮಾಡಿ ಸ್ವಂತವಾಗಿ ಸಾಕುವವನ ಮೇಲೆ ನೇರವಾಗಿ ಬೀಳುತ್ತದೆ.

ಇನ್ನೊಂದು ದಾರಿಯನ್ನು ಕನ್ನಡನಾಡೇ ತೋರಿಸಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ ತಳಿಗಳು ಹಿತ್ತಿಲಿನಲ್ಲೇ ಮೇಯುತ್ತ ನಾಟಿ ಕೋಳಿಗಿಂತ ಬೇಗ ಬೆಳೆಯುತ್ತವೆ. ಬ್ರಾಯ್ಲರ್ ವೇಗ ಇವುಗಳಿಗಿಲ್ಲ, ನಿಜ. ಆದರೆ ಜಗತ್ತಿನ ಬ್ರಾಯ್ಲರ್ ಮೂಲತಳಿಗಳು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿರುವಾಗ, ಸಾರ್ವಜನಿಕ ಸಂಸ್ಥೆಗಳು ಇಂಥ ತಳಿಗಳನ್ನು ಉಳಿಸಿ ಬೆಳೆಸುವುದು ಅಗತ್ಯ. ಮುಂದೆ ಹೊಸ ರೋಗವೋ ಹೆಚ್ಚಿನ ಧಗೆಯೋ ಎದುರಾದಾಗ ಬೇಕಾಗುವ ಜೀನ್‌ಗಳು ನಮ್ಮ ನಾಟಿ ಕೋಳಿಯಲ್ಲೋ ಬಂಡೀಪುರದ ಕಾಡುಕೋಳಿಯಲ್ಲೋ ಇರಬಹುದು.

ಶಿಕ್ಷಕರು 905, 1808, 4202 ಎಂಬ ಮೂರು ಸಂಖ್ಯೆಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಕಾರಣ ಕೇಳಲಿ. ಮಕ್ಕಳು ಮೊದಲು ಹಾರ್ಮೋನ್ ಎನ್ನಬಹುದು. ಮೂರಕ್ಕೂ ಆಹಾರ ಒಂದೇ ಆಗಿತ್ತೆಂದು ಹೇಳಿದ ಮೇಲೆ ಅವರೇ ತಳಿಯತ್ತ ಬರುತ್ತಾರೆ.